ದೀಪಾವಳಿ ಅಮಾವಾಸ್ಯೆಯಿಂದ ಎಳ್ಳಮವಾಸ್ಯೆವರೆಗೆ: ಮೂಲೆಗೆ ಬಿದ್ದ ಗಾಡಿ ಎಬ್ಬಿಸುವ ದಾರಿ

ಮೇ ತಿಂಗಳಲ್ಲಿ ಕಲಬುರಗಿಯ ಅಂಗಳದಲ್ಲಿ ಕೂತು ಹಳೆ ಬೈಕ್ ಬಿಚ್ಚಿದವರಿಗೆ ಇದು ಗೊತ್ತು. ಬಿಸಿಲಲ್ಲಿ ಬಿಟ್ಟ ಹನ್ನೆರಡು ನಂಬರ್ ಪಾನಾ (ಸ್ಪ್ಯಾನರ್) ಎತ್ತಿಕೊಂಡರೆ ರೊಟ್ಟಿ ಹೆಂಚು ಮುಟ್ಟಿದ ಹಾಗಾಗುತ್ತದೆ. 42 ಡಿಗ್ರಿ ದಾಟಿದ ಮೇಲೆ ಕಬ್ಬಿಣಕ್ಕೂ ಸಿಟ್ಟು, ಮನುಷ್ಯನಿಗೂ ಸಿಟ್ಟು. ಮಳೆಗಾಲ ಅಂದರೆ ಎರೆ ಮಣ್ಣು ಚಕ್ರಕ್ಕೆ ಮೆತ್ತಿಕೊಂಡು ಮಡ್‌ಗಾರ್ಡ್ ಒಳಗೆಲ್ಲ ತುಂಬಿಕೊಳ್ಳುತ್ತದೆ, ಅದನ್ನು ಕಡ್ಡಿಯಿಂದ ಕೆರೆಯುವುದರಲ್ಲೇ ಭಾನುವಾರ ಮುಗಿಯುತ್ತದೆ. ಹಿಮ ಬೀಳುವ ದೇಶದವರು ಚಳಿಗಾಲದಲ್ಲಿ ಓಡಿಸಲು ಆಗುವುದಿಲ್ಲ ಅಂತ ಗಾಡಿ ಬಿಚ್ಚಿ ಕೂರುತ್ತಾರೆ. ನಾವು ಚಳಿಗಾಲದಲ್ಲಿ ಮಾತ್ರ ಕೂರಲು ಆಗುತ್ತದೆ ಅಂತ ಬಿಚ್ಚುತ್ತೇವೆ.

ನಮ್ಮಲ್ಲಿ ಈ ಕೆಲಸಕ್ಕೆ ಗಡುವೂ ಇದೆ. ದೀಪಾವಳಿ ಅಮಾವಾಸ್ಯೆಯಿಂದ ಎಳ್ಳಮವಾಸ್ಯೆಗೆ ಎರಡು ತಿಂಗಳು, ಕಡಿಮೆ ಅಂದರೂ ಎಂಟು ಭಾನುವಾರ. ತುಳಸಿ ಲಗ್ನ ಮುಗಿದ ಕೂಡಲೇ ಮದುವೆಗಳು ಶುರು, ಅದಕ್ಕೆ ಎರಡು ಭಾನುವಾರ ಕಳೆದುಬಿಡಿ. ಉಳಿದದ್ದು ಆರು. ಎಳ್ಳಮವಾಸ್ಯೆ ದಿನ ಚರಗ ಚೆಲ್ಲಲು, ಅಂದರೆ ಭೂತಾಯಿಗೆ ಎಡೆ ಕೊಡಲು, ಹೊಲಕ್ಕೆ ಹೋಗುವಾಗ ಗಾಡಿ ತಾನೇ ನಡೆದು ಬರಬೇಕು, ಟಂಟಂ ಆಟೋ ಮೇಲೆ ಹೇರಿಕೊಂಡು ಬರಬಾರದು. ಇಷ್ಟೇ ಗುರಿ. ಹೊಳೆಯಬೇಕು, ಪ್ರದರ್ಶನದಲ್ಲಿ ನಿಲ್ಲಬೇಕು ಅನ್ನುವುದೆಲ್ಲ ಆಮೇಲೆ.

ನಾನು ಎಬ್ಬಿಸಿದ್ದು ಮಾವನ ಹೀರೋ ಹೋಂಡಾ ಸಿಡಿ 100. 97 ಸಿಸಿ ಚಿಲ್ಲರೆ, ನಾಲ್ಕು ಸ್ಟ್ರೋಕ್. ತೊಗರಿ ಚೀಲಗಳ ಪಕ್ಕ ನಾಲ್ಕು ವರ್ಷ ನಿಂತಿತ್ತು. ಕೆಳಗೆ ಹೇಳುವುದೆಲ್ಲ ಕಾರ್ಬೋರೇಟರ್ (ಪೆಟ್ರೋಲ್, ಗಾಳಿ ಬೆರೆಸುವ ಭಾಗ) ಇರುವ ಇಂಥ ಸಣ್ಣ ಗಾಡಿಗಳ ಲೆಕ್ಕದಲ್ಲಿ. 2020ರ ಏಪ್ರಿಲ್‌ನಿಂದ ಬಂದ ಬಿಎಸ್ 6, ಅಂದರೆ ಹೊಸ ಹೊಗೆ ನಿಯಮದ ಗಾಡಿಗಳಿಗೆ ಇದರಲ್ಲಿ ಅರ್ಧ ಹೊಂದುವುದಿಲ್ಲ. ನಮ್ಮ ಗುಂಪಿನಲ್ಲಿ ಅಂಥ ಗಾಡಿ ಇಟ್ಟುಕೊಂಡಿರುವ ಹುಡುಗ ಒಬ್ಬ ಇದ್ದಾನೆ. ಅವನಿಗೆ ಟಾರ್ಚ್ ಹಿಡಿಯುವ ಕೆಲಸ.

ಮೊದಲು ಜನ, ಆಮೇಲೆ ಪಾನಾ

ಇದೇನು ಅಂತ ನಗಬೇಡಿ. ಚಳಿಗಾಲದಲ್ಲಿ ಬಿಚ್ಚಿದ ಗಾಡಿಗಳು ಯುಗಾದಿವರೆಗೂ ಚೀಲದಲ್ಲೇ ಉಳಿಯುವುದಕ್ಕೆ ಕಾರಣ ಪಾರ್ಟ್ ಸಿಗದಿರುವುದಲ್ಲ. ನಾಲ್ಕು ಜನ ಸೇರಿ, ನಾಲ್ಕೂ ಕಡೆಯಿಂದ ಬಿಚ್ಚಿ, ಚಾ ಕುಡಿದು ಮನೆಗೆ ಹೋಗುತ್ತಾರಲ್ಲ, ಅದೇ ಕಾರಣ. ಹಾಗಾಗಿ ಕೆಲಸ ಹಂಚಿಬಿಡಿ. ನಮ್ಮಲ್ಲಿ ಹೀಗೆ: ಬುಲೆಟ್ ಕಾಕಾ ಜೋರಿನ ಕೆಲಸಕ್ಕೆ, ಅಂದರೆ ಜಾಮ್ ಆದ ನಟ್ಟು ಬಿಚ್ಚಲಿಕ್ಕೆ. ಯಜ್ಡಿ ಮಾಮಾ ಕಾರ್ಬೋರೇಟರ್‌ಗೆ, ಏಕೆಂದರೆ ಅವರ ಗಾಡಿ ಅವರಿಗೆ ಅದನ್ನು ಬೇಕಾದಷ್ಟು ಸಲ ಕಲಿಸಿದೆ. ಸ್ಪ್ಲೆಂಡರ್ ಇಟ್ಟುಕೊಂಡ ಮೇಷ್ಟ್ರು ನೋಟ್‌ಬುಕ್ಕಿಗೆ. ಯಾವ ಬೋಲ್ಟ್ ಎಲ್ಲಿಂದ ಬಂತು, ಯಾವ ಡಬ್ಬಿಯಲ್ಲಿದೆ, ಎಲ್ಲ ಅವರು ಬರೆಯುತ್ತಾರೆ. ಟಾರ್ಚ್ ಹುಡುಗ ಫೋಟೋ ತೆಗೆಯುತ್ತಾನೆ.

ಮಾತು ಮಾತ್ರ ನಿಲ್ಲುವುದಿಲ್ಲ, ನಿಲ್ಲಿಸಲೂಬಾರದು. ಮೊದಲ ದಿನವೇ ಬುಲೆಟ್ ಕಾಕಾ ಶುರು ಮಾಡಿದರು. "ಇದು ಗಾಡಿ ಅಲ್ಲೋ ತಮ್ಮಾ, ಹೊಲಿಗಿ ಮಿಷನ್ ಅದ." ಅವರ ಬುಲೆಟ್ ನಿಂತ ಜಾಗದಲ್ಲಿ ಕಲ್ಲಿನ ಮೇಲೆ ಅಂಗೈ ಅಗಲ ಎಣ್ಣೆ. "ಹೊಲಿಗಿ ಮಿಷನ್ ಆದ್ರೂ ಎಣ್ಣಿ ಸೋರಲ್ಲ ಕಾಕಾ, ನಿಮ್ಮದು ಗಾಣ ಅದ" ಅಂದೆ. ಯಜ್ಡಿ ಮಾಮಾ ನಡುವೆ ಬಂದು, ಕರ್ನಾಟಕದಲ್ಲೇ ಹುಟ್ಟಿದ ಗಾಡಿ ಅಂದರೆ ಇಲ್ಲಿ ನಂದೊಂದೇ ಅಂದರು. ಅದು ಸುಳ್ಳಲ್ಲ, ಯಜ್ಡಿ ಬಂದದ್ದು ಮೈಸೂರಿನ ಐಡಿಯಲ್ ಜಾವಾ ಕಾರ್ಖಾನೆಯಿಂದ. ಅದು 1996ರಲ್ಲಿ ಬಾಗಿಲು ಹಾಕಿತು. ಆದರೆ ಅವತ್ತು ಅದು ಹದಿನೈದು ಒದೆ ಕೊಟ್ಟರೂ ಏಳಲಿಲ್ಲ. "ನಮ್ಮ ಮಾತು ತಿಳಿವಲ್ದು ಮಾಮಾ ಅದಕ್ಕ, ಮೈಸೂರು ಕನ್ನಡದಾಗ ಒದೀರಿ" ಅಂತ ಟಾರ್ಚ್ ಹುಡುಗ ಅಂದ. ಅವತ್ತಿನಿಂದ ಅವನೂ ಗುಂಪಿನವನಾದ.

ಎರಡು ಕಟ್ಟುಪಾಡು ಮಾತ್ರ ಗಟ್ಟಿಯಾಗಿ ಇಟ್ಟುಕೊಳ್ಳಿ. ಒಂದು, ಒಂದು ಭಾನುವಾರ ಒಂದೇ ಕಡೆ ಬಿಚ್ಚಬೇಕು, ಸಂಜೆಯೊಳಗೆ ಅದನ್ನು ಕೂಡಿಸಿಯೇ ಏಳಬೇಕು. ಗಾಡಿ ಯಾವಾಗಲೂ ತಳ್ಳಿಕೊಂಡು ಹೋಗುವ ಸ್ಥಿತಿಯಲ್ಲಿರಬೇಕು. ಎರಡು, ಬೋಲ್ಟ್ ಬಿಗಿಯುವಾಗ ಯಾರೂ ಮಾತಾಡಿಸಬಾರದು. ಅರ್ಧ ಬಿಗಿದು ನಗುತ್ತಾ ಎದ್ದ ಬೋಲ್ಟ್ ರಸ್ತೆಯಲ್ಲಿ ಕಳಚುತ್ತದೆ.

ಬೆಂಕಿ ಕಾಯಿಸುವವರಿಗೆ ಒಂದು ಮಾತು

ಚಳಿಗಾಲ ಅಂದಮೇಲೆ ಅಂಗಳದಲ್ಲಿ ತೊಗರಿ ಕಟ್ಟಿಗೆ ಬೆಂಕಿ ಇರುತ್ತದೆ. ನಮ್ಮಲ್ಲೂ ಇತ್ತು. ಹೋದ ವರ್ಷ ಒಬ್ಬರು ಪೆಟ್ರೋಲ್ ಹಾಕಿದ ಬಟ್ಟಲಲ್ಲಿ ಚೈನ್ ಅದ್ದಿಕೊಂಡು ಬೆಂಕಿಗೆ ಹತ್ತಿರ ಕೂತರು, ಕೈ ಸೆಟೆದಿದೆ ಅಂತ. ಬಟ್ಟಲು ಬೆಂಕಿಗೆ ಮುಟ್ಟಿರಲಿಲ್ಲ, ಎರಡು ಮಾರು ದೂರ ಇತ್ತು. ಆದರೂ ಭಗ್ ಅಂತ ಹೊತ್ತಿತು. ಪೆಟ್ರೋಲ್ ಆವಿ ಗಾಳಿಗಿಂತ ಭಾರ, ಅದು ಮೇಲೆ ಹೋಗುವುದಿಲ್ಲ, ನೆಲ ಹಿಡಿದು ಹರಿದು ಬೆಂಕಿಯನ್ನು ಹುಡುಕಿಕೊಂಡು ಹೋಗುತ್ತದೆ. ಹುಬ್ಬು ಸುಟ್ಟುಕೊಂಡು ಉಳಿದರು. ಒದ್ದೆ ಗೋಣಿ ಚೀಲ ಪಕ್ಕದಲ್ಲೇ ಇದ್ದದ್ದು ಪುಣ್ಯ.

ಹಾಗಾಗಿ ತೊಳೆಯುವುದಕ್ಕೆ ಡೀಸೆಲ್ ಬಳಸಿ, ಪೆಟ್ರೋಲ್ ಬೇಡ. ಟ್ಯಾಂಕ್, ಕಾರ್ಬೋರೇಟರ್ ಬಿಚ್ಚುವ ದಿನ ಬೆಂಕಿಯೂ ಬೇಡ, ಬೀಡಿಯೂ ಬೇಡ. ಒಂದು ಬಕೆಟ್ ಮರಳು ಪಕ್ಕದಲ್ಲಿರಲಿ. ಚಳಿ ಅಂತ ಬಾಗಿಲು ಮುಚ್ಚಿದ ಕೋಣೆಯಲ್ಲಿ ಎಂಜಿನ್ ಚಾಲೂ ಮಾಡಬೇಡಿ. ಹೊಗೆಯಲ್ಲಿರುವ ಕಾರ್ಬನ್ ಮೊನಾಕ್ಸೈಡ್‌ಗೆ ವಾಸನೆ ಇಲ್ಲ. ತಲೆ ಸುತ್ತುತ್ತಿದೆ ಅಂತ ತಿಳಿಯುವಷ್ಟರಲ್ಲಿ ಎದ್ದು ಬಾಗಿಲು ತೆಗೆಯಲು ಕಾಲಲ್ಲಿ ಬಲ ಇರುವುದಿಲ್ಲ.

ಮೊದಲ ಭಾನುವಾರ: ಏನೂ ಬಿಚ್ಚಬೇಡಿ

ಕೈ ತುರಿಸುತ್ತದೆ, ಆದರೂ ಬೇಡ. ಮೊದಲು ಕಾಗದ ನೋಡಿ. ಆರ್‌ಸಿ ಯಾರ ಹೆಸರಲ್ಲಿದೆ, ಅದರಲ್ಲಿರುವ ಎಂಜಿನ್ ನಂಬರ್, ಚಾಸಿಸ್ ನಂಬರ್ ಗಾಡಿ ಮೇಲಿರುವುದಕ್ಕೆ ಹೊಂದುತ್ತದೆಯಾ. ಹೊಂದದಿದ್ದರೆ ಅಲ್ಲಿಗೇ ನಿಲ್ಲಿಸಿ, ದುಡ್ಡು ಹಾಕಬೇಡಿ. ಖಾಸಗಿ ಗಾಡಿಯ ನೋಂದಣಿ 15 ವರ್ಷ, ಆಮೇಲೆ ಫಿಟ್‌ನೆಸ್ ಮಾಡಿಸಿ ಐದೈದು ವರ್ಷಕ್ಕೆ ನವೀಕರಿಸಬೇಕು. ಟ್ಯಾಂಕ್ ಮೇಲೆ ಹೀರೋ ಹೋಂಡಾ ಅಂತ ಇದ್ದರೆ ಆ ಗಾಡಿಗೆ ಹೆಚ್ಚೂಕಡಿಮೆ ಅಷ್ಟು ವಯಸ್ಸಾಗಿದೆ ಅಂತಲೇ ಅರ್ಥ, ಏಕೆಂದರೆ ಹೀರೋ ಮತ್ತು ಹೋಂಡಾ ಬೇರೆಯಾಗಿ ಆ ಹೆಸರು ಹೋದದ್ದು 2011ರಲ್ಲಿ. 2019ರ ಏಪ್ರಿಲ್ 1ಕ್ಕಿಂತ ಹಳೆಯ ಗಾಡಿಗೂ ಎಚ್‌ಎಸ್‌ಆರ್‌ಪಿ ಅನ್ನುವ ಹೈ ಸೆಕ್ಯುರಿಟಿ ನಂಬರ್ ಪ್ಲೇಟ್ ಬೇಕು. ವಿಮೆ, ಹೊಗೆ ಸರ್ಟಿಫಿಕೇಟ್ ಗಾಡಿ ಎದ್ದ ಮೇಲೆ ಮಾಡಿಸಿ, ಆದರೆ ರಸ್ತೆಗೆ ಇಳಿಸುವ ಮೊದಲು.

ಆಮೇಲೆ ಫೋಟೋ. ಎಡ, ಬಲ, ವೈರು, ಕೇಬಲ್ ಹೋಗುವ ದಾರಿ, ಎಲ್ಲ. ಎಷ್ಟು ತೆಗೆದರೂ ಜಾಸ್ತಿ ಆಗುವುದಿಲ್ಲ. ಕ್ಲಚ್ ಕೇಬಲ್ ಹ್ಯಾಂಡಲ್‌ನ ಯಾವ ಬದಿಯಿಂದ ಬರುತ್ತಿತ್ತು ಅಂತ ಮೂರು ವಾರ ಆದಮೇಲೆ ದೇವರಿಗೂ ನೆನಪಿರುವುದಿಲ್ಲ.

ನಮ್ಮ ಕಡೆ ಎರಡು ಜಾಗ ವಿಶೇಷವಾಗಿ ನೋಡಬೇಕು. ಕಾಳಿನ ಚೀಲದ ಪಕ್ಕ ನಿಂತ ಗಾಡಿ ಅಂದರೆ ಇಲಿ ಇದ್ದೇ ಇರುತ್ತದೆ. ಸೀಟಿನ ಕೆಳಗೆ, ಏರ್ ಫಿಲ್ಟರ್ ಡಬ್ಬಿಯಲ್ಲಿ ಗೂಡು ಕಟ್ಟಿ ವೈರು ಕಡಿದಿರುತ್ತದೆ. ನನ್ನ ಗಾಡಿಯ ಫಿಲ್ಟರ್ ಡಬ್ಬಿಯಿಂದ ಒಂದು ಹಿಡಿ ತೊಗರಿ, ಅರ್ಧ ಕಾಲುಚೀಲ ಬಂತು. ಇನ್ನೊಂದು ಸೈಲೆನ್ಸರ್ ಬಾಯಿ. ಕುಂಬಾರ ಹುಳ ಮಣ್ಣು ಮೆತ್ತಿ ಮನೆ ಮಾಡಿರುತ್ತದೆ. ಅದನ್ನು ತೆಗೆಯದೆ ನೂರು ಕಿಕ್ ಹೊಡೆದರೂ ಗಾಡಿ ಏಳುವುದಿಲ್ಲ, ಹೊಗೆ ಹೋಗಲು ದಾರಿಯೇ ಇಲ್ಲವಲ್ಲ.

ಹೊರಡುವ ಮುಂಚೆ ಪ್ಲಗ್ ಒಂದನ್ನು ಬಿಚ್ಚಿ, ಆ ತೂತಿಗೆ ಎರಡು ಚಮಚ ಎಂಜಿನ್ ಆಯಿಲ್ ಬಿಟ್ಟು, ಬಟ್ಟೆ ಮುಚ್ಚಿ ಒಂದು ವಾರ ಬಿಡಿ. ಬಿಚ್ಚಬೇಡಿ ಅಂದವನೇ ಇದನ್ನು ಹೇಳುತ್ತಿದ್ದೇನೆ, ಇರಲಿ. ವರ್ಷಗಟ್ಟಲೆ ನಿಂತ ಎಂಜಿನ್‌ನಲ್ಲಿ ಪಿಸ್ಟನ್ ರಿಂಗ್ ಅಂಟಿಕೊಂಡಿರುತ್ತದೆ. ಒಣ ಸಿಲಿಂಡರ್‌ನಲ್ಲಿ ಜೋರಾಗಿ ಒದ್ದರೆ ಗೀರು ಬೀಳುತ್ತದೆ. ಮುಂದಿನ ವಾರ ಟಾಪ್ ಗೇರ್‌ಗೆ ಹಾಕಿ ಹಿಂದಿನ ಚಕ್ರವನ್ನು ಕೈಯಿಂದ ಮೆಲ್ಲಗೆ ಹಿಂದೆ ಮುಂದೆ ಆಡಿಸಿ. ತಿರುಗಿತಾ, ಅರ್ಧ ಗೆದ್ದಿರಿ.

ಟ್ಯಾಂಕ್: ಅಡುಗೆ ಮನೆಯಿಂದಲೇ ಮುಗಿಯುವ ಕೆಲಸ

ಈಗ ಬಂಕಿನಲ್ಲಿ ಸಿಗುವ ಪೆಟ್ರೋಲ್‌ನಲ್ಲಿ ಶೇಕಡಾ 20ರಷ್ಟು ಎಥನಾಲ್ ಇರುತ್ತದೆ. ಎಥನಾಲ್ ಗಾಳಿಯಲ್ಲಿರುವ ತೇವವನ್ನು ಎಳೆದುಕೊಳ್ಳುತ್ತದೆ. ದಿನಾ ಓಡುವ ಗಾಡಿಗೆ ಅದು ಲೆಕ್ಕಕ್ಕಿಲ್ಲ, ನಿಂತ ಗಾಡಿಯಲ್ಲಿ ಮಾತ್ರ ನೀರು ಬೇರೆಯಾಗಿ ಟ್ಯಾಂಕಿನ ತಳಕ್ಕೆ ಇಳಿದು ತುಕ್ಕು ಹಿಡಿಸುತ್ತದೆ. ಹಳೆಯ ಪೆಟ್ರೋಲ್ ಗಾಜಿನ ಬಾಟಲಿಗೆ ಇಳಿಸಿ ನೋಡಿ. ಕೆಳಗೆ ಬೇರೆ ಪದರ ಕಂಡರೆ, ಇಲ್ಲವೇ ಹಳೆ ವಾರ್ನಿಷ್ ಥರ ನಾತ ಬಂದರೆ ಅದನ್ನು ಮತ್ತೆ ಗಾಡಿಗೆ ಹಾಕಬೇಡಿ.

ತುಕ್ಕು ತೆಗೆಯಲು ದುಬಾರಿ ಔಷಧಿ ಬೇಕಿಲ್ಲ. ಸಿಟ್ರಿಕ್ ಆ್ಯಸಿಡ್ ಸಾಕು, ಕಿರಾಣಿ ಅಂಗಡಿಯಲ್ಲಿ ನಿಂಬೆ ಉಪ್ಪು ಅಂತ ಕೇಳಿ. ಒಂದು ಲೀಟರ್ ಬಿಸಿ ನೀರಿಗೆ 50ರಿಂದ 100 ಗ್ರಾಂ. ಟ್ಯಾಂಕ್ ಇಳಿಸಿ, ಪೆಟ್ರೋಲ್ ಕಾಕ್ ಬಿಚ್ಚಿ, ಆ ತೂತನ್ನು ರಬ್ಬರ್ ತುಂಡಿನಿಂದ ಮುಚ್ಚಿ. ಮೊದಲು ಸೋಪಿನ ನೀರಲ್ಲಿ ಎರಡು ಸಲ ಕುಲುಕಿ ಪೆಟ್ರೋಲ್ ಪೂರ್ತಿ ತೆಗೆಯಬೇಕು. ಆಮೇಲೆ ಹಳೆ ನಟ್ಟುಗಳನ್ನು ಒಳಗೆ ಹಾಕಿ ಚೆನ್ನಾಗಿ ಅಲ್ಲಾಡಿಸಿ, ದೊಡ್ಡ ತುಕ್ಕು ಉದುರುತ್ತದೆ. ಎಷ್ಟು ನಟ್ಟು ಹಾಕಿದಿರಿ ಅಂತ ಎಣಿಸಿಕೊಳ್ಳಿ. ನಾವು ಇಪ್ಪತ್ತು ಹಾಕಿ ಹತ್ತೊಂಬತ್ತು ತೆಗೆದೆವು. ಇಪ್ಪತ್ತನೆಯದಕ್ಕೆ ಟ್ಯಾಂಕನ್ನು ತಲೆಕೆಳಗು ಹಿಡಿದು ಮುಕ್ಕಾಲು ಗಂಟೆ ಕುಣಿದದ್ದು ಮೇಷ್ಟ್ರು. ಎಣಿಸಿ ಬರೆದಿಟ್ಟಿದ್ದವರೂ ಅವರೇ, ಆದ್ದರಿಂದ ಯಾರಿಗೂ ಅಲ್ಲಗಳೆಯಲು ಆಗಲಿಲ್ಲ.

ನಿಂಬೆ ಉಪ್ಪಿನ ನೀರು ಕಂಠದವರೆಗೆ ತುಂಬಿ ಒಂದು ರಾತ್ರಿ ಬಿಡಿ. ಹೊರಗಿನ ಬಣ್ಣದ ಮೇಲೆ ಬಿದ್ದರೆ ಕೂಡಲೇ ತೊಳೆಯಿರಿ. ಮರುದಿನ ಚೆಲ್ಲಿ, ಅಡುಗೆ ಸೋಡಾ ಕದಡಿದ ನೀರಿನಿಂದ ತೊಳೆದರೆ ಹುಳಿ ಸಾಯುತ್ತದೆ. ಇಲ್ಲಿಂದ ಮುಂದೆ ಅವಸರ ಬೇಕು. ಆ್ಯಸಿಡ್ ಮುಟ್ಟಿದ ಬರಿ ಕಬ್ಬಿಣ ಗಂಟೆಯೊಳಗೆ ಮತ್ತೆ ಕೆಂಪಾಗುತ್ತದೆ. ಬಿಸಿಲಿಗಿಟ್ಟು, ಕೂದಲು ಒಣಗಿಸುವ ಡ್ರೈಯರ್ ಇದ್ದರೆ ಅದನ್ನೂ ಹಿಡಿದು ಪೂರ್ತಿ ಒಣಗಿಸಿ, ಒಂದು ಸಣ್ಣ ಲೋಟ ಟು-ಟಿ (ಟೂ ಸ್ಟ್ರೋಕ್ ಗಾಡಿಯ) ಆಯಿಲ್ ಹಾಕಿ ಎಲ್ಲ ಕಡೆ ಹರಿಯುವಂತೆ ತಿರುಗಿಸಿ, ಉಳಿದದ್ದನ್ನು ಬಗ್ಗಿಸಿ. ನಮ್ಮ ಚಳಿಗಾಲದ ಗಾಳಿ ಒಣ, ಮಳೆಗಾಲದಲ್ಲಿ ಈ ಕೆಲಸ ಮಾಡಿದವರು ಎರಡು ಸಲ ಮಾಡಿರುತ್ತಾರೆ. ಪೆಟ್ರೋಲ್ ಪೈಪ್, ಕಾಕ್‌ನ ವಾಷರ್ ಹೊಸದು ಹಾಕಿ. ಹಳೆಯ ರಬ್ಬರ್ ಎಥನಾಲ್‌ಗೆ ಉಬ್ಬಿ ಬಿರುಕು ಬಿಡುತ್ತದೆ. ಮನೆಯ ಸೋಡಾ ಡಬ್ಬಿ ಖಾಲಿಯಾದದ್ದು ಅವ್ವನಿಗೆ ಗೊತ್ತಾಗುವ ಮೊದಲು ಹೊಸದು ತಂದಿಡಿ. ಭಜ್ಜಿ ಕರಿಯುವ ಹೊತ್ತಿಗೆ ಗೊತ್ತಾದರೆ ಆ ಸಂಜೆ ಭಜ್ಜಿಯೂ ಇಲ್ಲ.

ಕಾರ್ಬೋರೇಟರ್: ಅವಸರದವರು ಮುಟ್ಟಬೇಡಿ

ಇದನ್ನು ಮೇಜಿನ ಮೇಲೆ, ಬಿಳಿ ಬಟ್ಟೆ ಹಾಸಿ ಬಿಚ್ಚಿ. ನಮ್ಮ ಅಂಗಳ ಶಹಾಬಾದ್ ಪರಸಿ. ಎರಡು ಕಲ್ಲಿನ ಸಂದಿಗೆ ಒಂದು ಜೆಟ್, ಅಂದರೆ ಪೆಟ್ರೋಲ್ ಹಾಯುವ ಸಣ್ಣ ತೂತಿನ ತುಂಡು, ಬಿದ್ದರೆ ಅದು ಅಲ್ಲಿಯೇ ಮನೆ ಮಾಡಿಕೊಳ್ಳುತ್ತದೆ.

ಮೊದಲು ಗಾಳಿ ಸ್ಕ್ರೂ. ಬಿಚ್ಚುವ ಮೊದಲು ಅದನ್ನು ಮೆಲ್ಲಗೆ ಒಳಕ್ಕೆ ತಿರುಗಿಸಿ, ತಳ ಮುಟ್ಟುವವರೆಗೆ ಎಷ್ಟು ಸುತ್ತು ಬಂತು ಅಂತ ಎಣಿಸಿ ಬರೆಯಿರಿ. ತಳ ಮುಟ್ಟಿದ ಮೇಲೆ ಒತ್ತಬೇಡಿ, ತುದಿ ಮೊಂಡಾಗುತ್ತದೆ. ಕೂಡಿಸುವಾಗ ಅಷ್ಟೇ ಸುತ್ತು ಹೊರಕ್ಕೆ. ಬರೆದ ಲೆಕ್ಕ ಕಳೆದರೆ ಒಂದೂವರೆ ಸುತ್ತಿನಿಂದ ಶುರು ಮಾಡಿ.

ಆಮೇಲೆ ಕೆಳಗಿನ ಬಟ್ಟಲು ತೆಗೆಯಿರಿ. ಹಸಿರು ಬಣ್ಣದ ಗೋಂದು ಕಂಡರೆ ಅದೇ ನಾಲ್ಕು ವರ್ಷದ ಪೆಟ್ರೋಲ್. ಎರಡು ಜೆಟ್ ಕಾಣುತ್ತವೆ, ದೊಡ್ಡದು ಮೇನ್, ಸಣ್ಣದು ಪೈಲಟ್. ಗಾಡಿ ಚಳಿಯಲ್ಲಿ ಏಳದಿರಲು, ಎದ್ದರೂ ಐಡಲ್‌ನಲ್ಲಿ ನಿಲ್ಲದಿರಲು ಹತ್ತರಲ್ಲಿ ಎಂಟು ಸಲ ಆ ಸಣ್ಣದೇ ಕಾರಣ. ಆಕಾಶಕ್ಕೆ ಹಿಡಿದು ನೋಡಿ, ದುಂಡಗಿನ ಬೆಳಕು ಕಾಣಬೇಕು. ಕಾಣದಿದ್ದರೆ ಕಾರ್ಬ್ ಕ್ಲೀನರ್ ಸ್ಪ್ರೇ ಹೊಡೆದು ನೆನೆಯಲು ಬಿಡಿ, ಆಮೇಲೆ ಪಂಪಿನ ಗಾಳಿ. ಅಷ್ಟಕ್ಕೂ ಆಗದಿದ್ದರೆ ಕರೆಂಟ್ ವೈರಿನ ಒಳಗಿರುವ ತಾಮ್ರದ ಒಂದೇ ಎಳೆ ತೂರಿಸಿ. ಸೂಜಿ, ಸೇಫ್ಟಿ ಪಿನ್ನು, ಉಕ್ಕಿನ ತಂತಿ ಬೇಡವೇ ಬೇಡ. ಜೆಟ್ ಹಿತ್ತಾಳೆಯದು, ಉಕ್ಕು ಅದನ್ನು ಕೆರೆದು ತೂತು ದೊಡ್ಡದು ಮಾಡುತ್ತದೆ. ನನ್ನ ಗಾಡಿಯ ಜೆಟ್‌ಗೆ ಮೊದಲೇ ಒಂದು ಗ್ಯಾರೇಜಿನವರು ಸೂಜಿ ಹಾಕಿದ್ದರು. ಮಾವ ವರ್ಷಗಟ್ಟಲೆ "ಇದು ಪೆಟ್ರೋಲ್ ಜಾಸ್ತಿ ಕುಡೀತದ" ಅಂತ ಬೈಯುತ್ತಿದ್ದದ್ದು ಯಾಕೆ ಅಂತ ಅವತ್ತು ತಿಳಿಯಿತು.

ಫ್ಲೋಟ್‌ನ ತಗಡು ಬಗ್ಗಿಸಬೇಡಿ. ರಬ್ಬರ್ ಓ-ರಿಂಗ್‌ಗಳಿಗೆ ಸ್ಪ್ರೇ ತಾಗಿಸಬೇಡಿ, ಸಾಧ್ಯವಾದರೆ ಹೊಸ ಕಿಟ್ ಹಾಕಿಬಿಡಿ. ಸ್ಕ್ರೂ ಬಗ್ಗೆ ಒಂದು ಗುಟ್ಟು ಹೇಳುತ್ತೇನೆ. ಜಪಾನಿನ ವಿನ್ಯಾಸದ ಗಾಡಿಗಳಲ್ಲಿ ಇರುವ ಪ್ಲಸ್ ಸ್ಕ್ರೂ ನಮ್ಮ ಸಾಮಾನ್ಯ ಪ್ಲಸ್ ಸ್ಕ್ರೂ ಅಲ್ಲ, ಜೆಐಎಸ್ ಅನ್ನುವ ಬೇರೆ ಅಳತೆ. ಸಾಮಾನ್ಯ ಸ್ಕ್ರೂಡ್ರೈವರ್ ಹಾಕಿ ತಿರುಗಿಸಿದರೆ ಜಾರಿ ತಲೆ ಬೋಳಾಗುತ್ತದೆ. ಅದಕ್ಕೇ ಹಳೆ ಗಾಡಿಗಳ ಸ್ಕ್ರೂ ಎಲ್ಲ ಬೋಳು. ಜೆಐಎಸ್ ತುದಿಯದು ಒಂದು ತರಿಸಿಕೊಳ್ಳಿ. ಬುಲೆಟ್ ಕಾಕಾ ಇದನ್ನು ಕೇಳಿ "ನಮ್ಮ ಗಾಡಿಗೆ ಸುತ್ತಿಗಿ ಒಂದೇ ಸಾಕು" ಅಂದರು. ಯಾರೂ ಎದುರು ಮಾತಾಡಲಿಲ್ಲ, ಎಲ್ಲರೂ ನೋಡಿದ್ದೇವೆ.

ಏರ್ ಫಿಲ್ಟರ್ ಹೊಸದು ಹಾಕಿ, ಲೆಕ್ಕ ಹಾಕಬೇಡಿ. ಸೇಡಂ, ಚಿತ್ತಾಪುರ, ಶಹಾಬಾದ್ ಕಡೆ ಸಿಮೆಂಟ್ ಲಾರಿಗಳ ಹಿಂದೆ ಓಡಿದ ಗಾಡಿಯ ಫಿಲ್ಟರ್ ತಟ್ಟಿದರೆ ಇಟ್ಟಿಗೆ ಕಟ್ಟುವಷ್ಟು ಪುಡಿ ಬರುತ್ತದೆ.

ಎಣ್ಣೆ, ಟ್ಯಾಪೆಟ್, ಮೊದಲ ಕಿಕ್

ಹಳೆ ಆಯಿಲ್ ಇಳಿಸಿ. ಕೆಳಗಿನ ಬೋಲ್ಟ್ ಕೂರುವ ಜಾಗ ಅಲ್ಯೂಮಿನಿಯಂ, ವಾಪಸ್ ಹಾಕುವಾಗ ಬಲ ತೋರಿಸಬೇಡಿ, ಕಾಕಾ ಕೈಗಂತೂ ಕೊಡಬೇಡಿ. ಹೊಸದು 10ಡಬ್ಲ್ಯೂ-30. ಆ ಡಬ್ಲ್ಯೂಗೆ ಮೊದಲು ಬರುವ ಅಂಕಿ ಸಣ್ಣದಾದಷ್ಟೂ ಚಳಿಯಲ್ಲಿ ಎಣ್ಣೆ ಬೇಗ ಹರಿಯುತ್ತದೆ. ಸುಮಾರು 900 ಮಿಲಿ ಹಿಡಿಯುತ್ತದೆ. ಡಬ್ಬಿ ಮೇಲೆ ಜೆಎಎಸ್‌ಒ ಎಂಎ ಅನ್ನುವ ಬೈಕ್ ಆಯಿಲ್ ಗುರುತು ಇರಲೇಬೇಕು. ಕಾರಿನ ಆಯಿಲ್ ಮನೆಯಲ್ಲಿದೆ ಅಂತ ಹಾಕಿದರೆ ಕ್ಲಚ್ ಜಾರುತ್ತದೆ, ಏಕೆಂದರೆ ನಮ್ಮ ಗಾಡಿಯ ಕ್ಲಚ್ ಅದೇ ಎಣ್ಣೆಯಲ್ಲಿ ಮುಳುಗಿರುತ್ತದೆ. ತೆಗೆದ ಎಣ್ಣೆ ಚರಂಡಿಗೆ ಸುರಿಯಬೇಡಿ, ಡಬ್ಬಿಗೆ ತುಂಬಿ ಗ್ಯಾರೇಜಿಗೆ ಕೊಡಿ. ಅಲ್ಲಿಂದ ಅದನ್ನು ಕೊಳ್ಳುವವರು ಇದ್ದಾರೆ.

ಟ್ಯಾಪೆಟ್ ಅಳತೆಯನ್ನು, ಅಂದರೆ ವಾಲ್ವಿಗೂ ಅದನ್ನು ಒತ್ತುವ ರಾಕರ್‌ಗೂ ನಡುವಿನ ಸಂದನ್ನು, ಎಂಜಿನ್ ತಣ್ಣಗಿರುವಾಗಲೇ ನೋಡಬೇಕು. ಜನವರಿ ಬೆಳಗ್ಗೆ ಏಳು ಗಂಟೆಗಿಂತ ತಣ್ಣಗೆ ನಮ್ಮೂರಲ್ಲಿ ಯಾವಾಗ ಸಿಗುತ್ತದೆ ಹೇಳಿ. ಫ್ಲೈವೀಲ್‌ನ ಟಿ ಗುರುತು ಎಂಜಿನ್ ಬದಿಯ ಸಣ್ಣ ಕಿಟಕಿಯ ಗೆರೆಗೆ ಬರುವಂತೆ ತಿರುಗಿಸಿ, ಎರಡೂ ರಾಕರ್ ಸಡಿಲ ಇವೆಯಾ ನೋಡಿ. ಸಡಿಲ ಇಲ್ಲದಿದ್ದರೆ ಇನ್ನೊಂದು ಪೂರ್ತಿ ಸುತ್ತು ತಿರುಗಿಸಿ. ಈ ಹಳೆಯ 100 ಸಿಸಿ ಎಂಜಿನ್‌ಗಳಿಗೆ ಸಂದು 0.05 ಮಿ.ಮೀ. ಆಸುಪಾಸು. ಫೀಲರ್ ಗೇಜ್ ಇಲ್ಲದೆ ಅಂದಾಜಿನಲ್ಲಿ ಮಾಡಬೇಡಿ. ನಿಮ್ಮ ಗಾಡಿಯ ಕೈಪಿಡಿ ಬೇರೆ ಅಂಕಿ ಹೇಳಿದರೆ ಅದೇ ಸರಿ.

ಹೊಸ ಪ್ಲಗ್, ಎರಡು ಲೀಟರ್ ಹೊಸ ಪೆಟ್ರೋಲ್. ಚಾಬಿ ಹಾಕದೆ ಹತ್ತು ಸಲ ಮೆಲ್ಲಗೆ ಕಿಕ್ ಒತ್ತಿ, ಎಣ್ಣೆ ಮೇಲಕ್ಕೆ ಹೋಗಲಿ. ಆಮೇಲೆ ಚೋಕ್ ಎಳೆದು, ಆಕ್ಸಿಲರೇಟರ್ ಮುಟ್ಟದೆ ಕಿಕ್ ಹೊಡೆಯಿರಿ. ಚಳಿಯಲ್ಲಿ ಪೆಟ್ರೋಲ್ ಸರಿಯಾಗಿ ಆವಿಯಾಗುವುದಿಲ್ಲ, ಅದಕ್ಕೇ ಚೋಕ್. ಎದ್ದ ಒಂದೆರಡು ನಿಮಿಷಕ್ಕೆ ಚೋಕ್ ಒಳಗೆ ತಳ್ಳಿ, ಮರೆತರೆ ಪ್ಲಗ್ ಕಪ್ಪಾಗುತ್ತದೆ. ಮೊದಲು ಬಿಳಿ ಹೊಗೆ ಜೋರಾಗಿ ಬರುತ್ತದೆ. ಮೊದಲ ವಾರ ನೀವು ಸುರಿದ ಎಣ್ಣೆಯೇ ಅದು, ಹೆದರಬೇಡಿ. ನಮ್ಮದು ಒಂಬತ್ತನೇ ಕಿಕ್‌ಗೆ ಎದ್ದಿತು. ಯಜ್ಡಿ ಮಾಮಾ ಮಾತ್ರ ಏನೂ ಹೇಳದೆ ಚಾ ಕಪ್ ಕಡೆ ನೋಡುತ್ತಾ ಕೂತಿದ್ದರು.

ನಿಲ್ಲುವುದನ್ನು ಕಲಿಸಿ

ಎದ್ದ ಖುಷಿಗೆ ಅವತ್ತೇ ರಸ್ತೆಗೆ ಓಡಬೇಡಿ, ಬ್ರೇಕ್ ಇನ್ನೂ ನೋಡಿಲ್ಲ. ಡ್ರಮ್ ಬಿಚ್ಚಿದಾಗ ಒಳಗಿನ ಪುಡಿಯನ್ನು ಬಾಯಿಂದ ಊದಬೇಡಿ, ಹಳೆ ಲೈನಿಂಗ್‌ನಲ್ಲಿ ಕಲ್ನಾರು ಇರಬಹುದು. ಒದ್ದೆ ಬಟ್ಟೆಯಿಂದ ಒರೆಸಿ, ಬಟ್ಟೆ ಕಟ್ಟಿ ಬಿಸಾಕಿ. ಬ್ರೇಕ್ ಶೂ ಗಾಜಿನ ಥರ ಹೊಳೆಯುತ್ತಿದ್ದರೆ ಮರಳು ಕಾಗದದಿಂದ ಉಜ್ಜಿ, ತೆಳ್ಳಗಾಗಿದ್ದರೆ ಬದಲಾಯಿಸಿ. ಡೀಸೆಲ್ ಕೈಯಿಂದ ಶೂ ಮುಟ್ಟಬೇಡಿ. ಶೂ ಅಗಲಿಸುವ ಕ್ಯಾಮ್‌ಗೆ ಒಂದು ಚೂರು ಗ್ರೀಸ್ ಸಾಕು.

ಕೇಬಲ್ ಬಿಗಿಯಾಗಿದ್ದರೆ ಬಿಚ್ಚಿ ಗೋಡೆ ಮೊಳೆಗೆ ನೇತುಹಾಕಿ. ಮೇಲಿನ ತುದಿಗೆ ಪ್ಲಾಸ್ಟಿಕ್ ಕವರ್‌ನ ಮೂಲೆ ಕತ್ತರಿಸಿ ಲಾಳಿಕೆ ಥರ ಕಟ್ಟಿ, ಎಣ್ಣೆ ಹಾಕಿ ರಾತ್ರಿ ಬಿಡಿ. ಬೆಳಗ್ಗೆ ಕೆಳಗಿನ ತುದಿಯಿಂದ ಹನಿ ಬಿದ್ದಿರುತ್ತದೆ. ಕೆಳಗೆ ಬಟ್ಟಲಿಡಿ. ನಾನು ಇಡಲಿಲ್ಲ, ಕೆಳಗೆ ಅಪ್ಪನ ಚಪ್ಪಲಿ ಇತ್ತು.

ಚೈನ್ ನಡುವೆ ಮೇಲೆ ಕೆಳಗೆ ಸುಮಾರು ಎರಡೂವರೆ ಸೆಂಟಿಮೀಟರ್ ಆಡಬೇಕು. ಎಂಜಿನ್ ಓಡಿಸಿ ಗೇರ್ ಹಾಕಿ ಚೈನ್ ಒರೆಸುವವರನ್ನು ನೋಡಿದ್ದೇನೆ. ಬೆರಳು ಸ್ಪ್ರಾಕೆಟ್‌ಗೆ ಸಿಕ್ಕರೆ ಮುಗಿಯಿತು. ಚಕ್ರ ಕೈಯಿಂದಲೇ ತಿರುಗಿಸಿ. ಟೈರಿನ ಬದಿಯಲ್ಲಿ ನಾಲ್ಕು ಅಂಕಿ ಇರುತ್ತದೆ. 2318 ಅಂದರೆ 2018ರ ಇಪ್ಪತ್ಮೂರನೇ ವಾರದಲ್ಲಿ ಮಾಡಿದ್ದು. ಟೈರಿನ ಮೇಲಿನ ಪಟ್ಟಿ ಚೆನ್ನಾಗಿ ಕಂಡರೂ ರಬ್ಬರ್ ಮುಪ್ಪಾಗಿರುತ್ತದೆ, ಬದಿಯಲ್ಲಿ ಬಿರುಕು ಇದ್ದರೆ ಯೋಚಿಸಬೇಡಿ, ಬದಲಾಯಿಸಿ. ಟ್ಯೂಬೂ ಹೊಸದೇ ಇರಲಿ, ಹೊಲದ ದಾರಿಯಲ್ಲಿ ಜಾಲಿ ಮುಳ್ಳು ಕಾದಿರುತ್ತದೆ.

ಕರೆಂಟ್ ಬಗ್ಗೆ ಬೇಗ ಮುಗಿಸುತ್ತೇನೆ. ಬ್ಯಾಟರಿ 6 ವೋಲ್ಟಾ 12 ವೋಲ್ಟಾ ಅಂತ ಮೊದಲು ನೋಡಿ, ಬಲ್ಬ್ ಕೂಡ ಅದಕ್ಕೆ ತಕ್ಕಂತೆ. 12 ವೋಲ್ಟ್‌ನದು ಪೂರ್ತಿ ಚಾರ್ಜ್ ಆಗಿದ್ದರೆ ಮೀಟರ್ 12.6 ತೋರಿಸಬೇಕು. ಎಂಜಿನ್ ಓಡುವಾಗ 13.5ರಿಂದ 14.5. ಇಲಿ ಕಡಿದ ವೈರಿಗೆ ಬರಿ ಟೇಪ್ ಸುತ್ತಬೇಡಿ, ಬೆಸುಗೆ ಹಾಕಿ ಸ್ಲೀವ್ ಹಾಕಿ. ಫ್ಯೂಸ್ ಜಾಗಕ್ಕೆ ಗುಟ್ಕಾ ಪ್ಯಾಕೆಟ್‌ನ ಬೆಳ್ಳಿ ಹಾಳೆ ಹಾಕುವ ಜಾಣರು ನಮ್ಮೂರಲ್ಲಿ ಬೇಕಾದಷ್ಟಿದ್ದಾರೆ. ಹಾಗೆ ಮಾಡಿದರೆ ಸುಡುವುದು ಫ್ಯೂಸ್ ಅಲ್ಲ, ಪೂರ್ತಿ ವೈರಿಂಗ್. ಹೆಡ್‌ಲೈಟ್, ಹಿಂದಿನ ಕೆಂಪು ದೀಪ ಎರಡೂ ಗಟ್ಟಿ ಇರಲಿ. ಇದು ಕಬ್ಬಿನ ಹಂಗಾಮು, ಆಳಂದ, ಅಫಜಲಪುರ, ಹುಮನಾಬಾದ್ ರಸ್ತೆಗಳಲ್ಲಿ ದೀಪವಿಲ್ಲದ ಟ್ರ್ಯಾಕ್ಟರ್ ಟ್ರಾಲಿ ಕತ್ತಲಲ್ಲಿ ಎದುರಿಗೇ ನಿಂತಿರುತ್ತದೆ.

ಬಣ್ಣ? ಈ ವರ್ಷ ಬೇಡ. ಬಣ್ಣ ಹೊಡೆಯಲು ಹೊರಟವರ ಗಾಡಿ ಎಳ್ಳಮವಾಸ್ಯೆಗೆ ಎದ್ದದ್ದು ನಾನು ನೋಡಿಲ್ಲ. ಬೇರೆ ಬಣ್ಣವೇ ಬೇಕು ಅಂದರೆ ಆರ್‌ಸಿಯಲ್ಲೂ ಬದಲಾಯಿಸಬೇಕು. ಸೈಲೆನ್ಸರ್ ಕೊಯ್ದು ಸದ್ದು ಮಾಡುವ ಹುಚ್ಚಿದ್ದರೆ ಅದು ಕಾನೂನಿಗೂ ವಿರುದ್ಧ, ಪಕ್ಕದ ಮನೆಯ ಹಸುಗೂಸಿಗೂ ವಿರುದ್ಧ.

ಓಡಿಸಿ ನೋಡುವುದು

ಮೂರು ಹೆಜ್ಜೆಯಲ್ಲಿ ಹೋಗಿ. ಮೊದಲು ಮನೆ ಸುತ್ತ ಐದು ಕಿಲೋಮೀಟರ್. ನಿಲ್ಲಿಸಿ ಎರಡೂ ಹಬ್ ಮುಟ್ಟಿ, ಕೈ ಇಡಲಾಗದಷ್ಟು ಬಿಸಿ ಇದ್ದರೆ ಬ್ರೇಕ್ ಹಿಡಿದುಕೊಂಡಿದೆ. ಎಲ್ಲ ನಟ್ಟಿಗೂ ಒಂದು ಸುತ್ತು ಪಾನಾ ಹಾಕಿ ನೋಡಿ. ಮಾರನೇ ದಿನ ಹದಿನೈದು ಕಿಲೋಮೀಟರ್. ಈಗ ಪ್ಲಗ್ ಬಿಚ್ಚಿ ಬಣ್ಣ ನೋಡಿ. ಹಾಲು ಹಾಕಿದ ಚಾ ಬಣ್ಣ ಇದ್ದರೆ ಸರಿ. ಮಸಿಯಂತೆ ಕಪ್ಪಿದ್ದರೆ ಪೆಟ್ರೋಲ್ ಜಾಸ್ತಿ, ಸುಣ್ಣದಂತೆ ಬಿಳಿ ಇದ್ದರೆ ಗಾಳಿ ಜಾಸ್ತಿ. ಬಿಳಿ ಇದ್ದರೆ ಓಡಿಸಬೇಡಿ, ಎಂಜಿನ್ ಅತಿಯಾಗಿ ಬಿಸಿಯಾಗುತ್ತದೆ.

ಮೂರನೆಯದು ನಲವತ್ತು ಕಿಲೋಮೀಟರ್. ನಾವು ಸೇಡಂ ರಸ್ತೆ ಹಿಡಿದು ಮಳಖೇಡಕ್ಕೆ ಹೋದೆವು. ರಾಷ್ಟ್ರಕೂಟರ ಮಾನ್ಯಖೇಟ ಅದೇ, ಕಾಗಿಣಾ ದಂಡೆಯ ಕೋಟೆ. ಬೆಳಗಿನ ಚಳಿಗೆ ಜರ್ಕಿನ್ ಒಳಗೆ ಹಳೆ ದಿನಪತ್ರಿಕೆ ಎದೆಗೆ ಇಟ್ಟುಕೊಳ್ಳಿ, ಗಾಳಿ ನಿಲ್ಲುತ್ತದೆ. ರಸ್ತೆ ಮೇಲೆ ರಾಶಿಗೆ ಹರವಿದ ತೊಗರಿ ಕಂಡರೆ ವೇಗ ಇಳಿಸಿ, ಸೊಪ್ಪಿನ ಮೇಲೆ ಬ್ರೇಕ್ ಹಿಡಿದರೆ ಗಾಡಿ ಜಾರುತ್ತದೆ. ದಾಟಿದ ಮೇಲೆ ಚೈನ್‌ಗೆ, ಸೈಲೆನ್ಸರ್‌ಗೆ ಕಡ್ಡಿ ಸಿಕ್ಕಿದೆಯಾ ನೋಡಿ. ಕೋಟೆಯ ಕೆಳಗೆ ನಿಂತು ಚಾ ಕುಡಿಯುವಾಗ ಬುಲೆಟ್ ಕಾಕಾ ನನ್ನ ಎಂಜಿನ್ ಕೆಳಗೆ ಬಗ್ಗಿ ಬೆರಳಿಂದ ಒರೆಸಿ ನೋಡಿದರು. ಒಣಗಿತ್ತು. "ಎಣ್ಣಿ ಹಾಕೀಯೋ ಇಲ್ಲೋ?" ಅಂದರು.

ಎಳ್ಳಮವಾಸ್ಯೆ ದಿನ ಹೊಲಕ್ಕೆ ಹೊರಡುವಾಗ ಪ್ಲಗ್ ಪಾನಾ, ಒಂದು ಹಳೆ ಪ್ಲಗ್, ಕ್ಲಚ್ ಕೇಬಲ್, ಪಂಕ್ಚರ್ ಸಾಮಾನು, ತುಂಡು ತಂತಿ ಇಟ್ಟುಕೊಳ್ಳಿ. ಎರೆ ಹೊಲದ ಬಿರುಕಲ್ಲಿ ಸೈಡ್ ಸ್ಟ್ಯಾಂಡ್ ಇಳಿದು ಗಾಡಿ ಮಲಗುತ್ತದೆ, ಕೆಳಗೆ ಚಪ್ಪಟೆ ಕಲ್ಲಿಡಿ. ಸಜ್ಜೆ ರೊಟ್ಟಿ ಗಂಟು, ಭಜ್ಜಿ ಡಬ್ಬಿ ಗಾಡಿ ಮೇಲೆ ಧಾರಾಳವಾಗಿ ತರಬಹುದು. ಅಂಬಲಿ ಗಡಿಗೆ ಮಾತ್ರ ಕ್ಯಾರಿಯರ್‌ಗೆ ಕಟ್ಟಬೇಡಿ, ಎಷ್ಟು ಬಿಗಿದರೂ ಬೇಡ, ಟಂಟಂನಲ್ಲೇ ಬರಲಿ. ನಾನು ಕಟ್ಟಿದ್ದೆ. ಏರ್ ಫಿಲ್ಟರ್ ಡಬ್ಬಿಯನ್ನು ಮತ್ತೆ ಬಿಚ್ಚಬೇಕಾಯಿತು, ಈ ಸಲ ಇಲಿಯ ತಪ್ಪಿರಲಿಲ್ಲ.